ದೋಷವೂ ದೋಷಿಯೂ

ಕೆಟ್ಟುಹೋದ ವಸ್ತುವೊಂದು ಕಣ್ಣೆದುರಿಗೆ ಇರುವಾಗ ಮನಸ್ಸು ಎರಡು ಪ್ರಶ್ನೆಗಳನ್ನು ಕೇಳಬಹುದು. ‘ಇದು ಏತರಿಂದ ಕೆಟ್ಟಿತು?’ ಎಂಬುದು ಒಂದು. ‘ಇದನ್ನು ಕೆಡಿಸಿದವರು ಯಾರು?’ ಎಂಬುದು ಇನ್ನೊಂದು. ಮೊದಲನೆಯದು ದೋಷವನ್ನು ಅರಸುತ್ತದೆ, ಎರಡನೆಯದು ದೋಷಿಯನ್ನು. ಮೇಲುನೋಟಕ್ಕೆ ಎರಡೂ ಒಂದೇ ಎಂದು ತೋರುವುದುಂಟು. ಅವು ಒಂದಲ್ಲವೆಂಬುದನ್ನೂ, ಎರಡನೆಯ ಪ್ರಶ್ನೆಯನ್ನು ಮೊದಲು ಕೇಳಿದರೆ ಎಂಥ ಅನ್ಯಾಯಕ್ಕೆ ದಾರಿಯಾಗುತ್ತದೆಂಬುದನ್ನೂ ನಾನು ಕಲಿತದ್ದು ಯಾವ ಶಾಸ್ತ್ರಗ್ರಂಥದಿಂದಲೂ ಅಲ್ಲ. ನಮ್ಮ ತಂದೆಯವರ ಹಳೆಯ ಜಾವಾ ಮೋಟಾರ್‌ಸೈಕಲ್ಲಿನಿಂದ.

ಮೈಸೂರಿನವರಿಗೆ ಜಾವಾವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಮೂಲದಲ್ಲಿ ಜೆಕ್ ನಾಡಿನದಾದ ಈ ಗಾಡಿ 1961ರಿಂದ ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರನ್ನು ತಳೆಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಮರಳಿ ಬಂದಿತಾದರೂ ಆ ಹೊಸ ಎಂಜಿನ್ನನ್ನು ತಣಿಸುವುದು ದ್ರವ. ಹಳೆಯದನ್ನು ತಣಿಸುತ್ತಿದ್ದುದು ಬರಿಯ ಗಾಳಿ. ಜರ್ಮನಿಯ ಪ್ರಸಿದ್ಧ ಪೋರ್ಷೆ 911 ಕಾರು ಸಹ 1998ರವರೆಗೆ ಗಾಳಿಯನ್ನೇ ನಂಬಿತ್ತೆಂದ ಮೇಲೆ ನಮ್ಮ ಬಡ ಜಾವಾ ನಾಚಿಕೊಳ್ಳಬೇಕಾದುದೇನೂ ಇಲ್ಲ. ಹೈಸ್ಕೂಲು ಮೇಷ್ಟರಾಗಿದ್ದ ನಮ್ಮ ತಂದೆಯವರು 1968ರ ಗಾಡಿಯೊಂದನ್ನು ಕೊಂಡು ಮೂವತ್ತು ವರ್ಷಕ್ಕೂ ಮಿಕ್ಕಿ ಓಡಿಸಿದರು. ಅವರು ತೀರಿಕೊಂಡ ಮೇಲೆ ಅದು ಹಿತ್ತಲಿನ ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದು ಬಹುಕಾಲ ನಿಂತಿತ್ತು. ಅದನ್ನು ಮತ್ತೆ ರಸ್ತೆಗೆ ತರಬೇಕೆಂಬ ಆಸೆ ನನಗೆ ಹುಟ್ಟಿದ್ದು ಮೂರು ವರ್ಷಗಳ ಕೆಳಗೆ.

ಜಾವಾ ಗಾಡಿಯಲ್ಲೇ ಕೈ ಪಳಗಿಸಿಕೊಂಡ ವೃದ್ಧ ಮೇಸ್ತ್ರಿಯೊಬ್ಬರು ಕೆಲಸ ಒಪ್ಪಿಕೊಂಡರು. ಎಂಜಿನ್ ಪೂರ್ತಿ ಬಿಚ್ಚಿದರು. ಸಿಲಿಂಡರನ್ನು ಲೇತಿನವರ ಹತ್ತಿರ ಕಳುಹಿಸಿ ರೀಬೋರ್ ಮಾಡಿಸಿದರು. ಹೊಸ ಪಿಸ್ಟನ್ನು, ರಿಂಗು, ಆಯಿಲ್ ಸೀಲು ಕೂರಿಸಿದರು. ಕಾರ್ಬುರೇಟರನ್ನು ತೊಳೆದು ಪಾಯಿಂಟನ್ನು ಹೊಂದಿಸಿದರು. ಎರಡು ತಿಂಗಳಾದ ಮೇಲೆ ಒಂದು ಸಂಜೆ ಎರಡನೆಯ ಒದೆತಕ್ಕೇ ಅದು ದನಿಯೆತ್ತಿದಾಗ ನನಗೆ ನಮ್ಮ ತಂದೆಯವರೇ ಬೀದಿಯ ತಿರುವಿನಲ್ಲಿ ಬಂದಂತಾಯಿತು. “ಮೊದಲು ಸ್ವಲ್ಪ ದಿನ ಓಡಿಸ್ಬೇಡಿ, ನಡೆಸಿ ಸಾರ್. ಲೀಟರಿಗೆ ಐವತ್ತು ಎಂ.ಎಲ್. ಆಯಿಲ್ ಹಾಕಿ,” ಎಂದು ಮೇಸ್ತ್ರಿ ಹೇಳಿದರು. ಈ ಎಂಜಿನ್ನಿಗೆ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಬೆರೆತು ಬರುತ್ತದೆ, ಬೇರೆ ದಾರಿಯಿಲ್ಲ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ನಾನು ಮರೆತದ್ದು ಅದನ್ನೇ.

ಮೊದಲ ವಾರ ಊರೊಳಗೆ ಗಾಡಿ ಸೊಗಸಾಗಿಯೇ ನಡೆಯಿತು. ಎರಡನೆಯ ಭಾನುವಾರ ಟ್ಯಾಂಕು ತುಂಬಿಸಿಕೊಂಡು ನಂಜನಗೂಡಿನ ದಾರಿ ಹಿಡಿದೆ. ಕಡಕೊಳ ಇನ್ನೂ ದೂರವಿರುವಾಗಲೇ ಎಂಜಿನ್ ಏದುಸಿರು ಬಿಟ್ಟು, ಸೊರಗಿ, ನಿಂತುಹೋಯಿತು. ಸಿಲಿಂಡರು ಕೈ ಇಡಲಾರದಷ್ಟು ಕಾದಿತ್ತು. ಹತ್ತು ನಿಮಿಷ ಹುಣಸೆಮರದ ನೆರಳಿನಲ್ಲಿ ನಿಲ್ಲಿಸಿ ಒದ್ದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಟಿತು, ಮತ್ತೆ ನಿಂತಿತು. ನಾಲ್ಕು ದಿನ ಇದೇ ಕಥೆ. ನನ್ನ ತೀರ್ಪು ಆಗಲೇ ಸಿದ್ಧವಾಗಿತ್ತು: ಬೋರು ಬಿಗಿಯಾಗಿದೆ, ಕಾದಾಗ ಪಿಸ್ಟನ್ ಹಿಡಿದುಕೊಳ್ಳುತ್ತಿದೆ, ಮೇಸ್ತ್ರಿ ಕೆಲಸ ಕೆಡಿಸಿದ್ದಾರೆ. ಎಂಜಿನ್ ಕೆಲಸಕ್ಕೆ ಮೊದಲು ಈ ರೋಗವಿರಲಿಲ್ಲ, ಆದ ಮೇಲೆ ಬಂದಿದೆ. ಇನ್ನೇನು ಸಾಕ್ಷ್ಯ ಬೇಕು?

ಕಾಗೆ ಕೂತುಕೊಳ್ಳುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದರೆ ಕಾಗೆಯಿಂದಲೇ ಹಣ್ಣು ಬಿತ್ತೆನ್ನಬಾರದು ಎಂದು ವರ್ಷವರ್ಷವೂ ತರಗತಿಯಲ್ಲಿ ಕಾಕತಾಳೀಯ ನ್ಯಾಯವನ್ನು ವಿವರಿಸುವವನು ನಾನು. ಆದರೆ ಹಣ್ಣು ನನ್ನ ತಲೆಯ ಮೇಲೆಯೇ ಬಿದ್ದಾಗ ಕಾಗೆಯ ಮೇಲೆ ಕಲ್ಲೆತ್ತಿದೆ. ಷೆಡ್ಡಿಗೆ ಹೋಗಿ, ಇಬ್ಬರು ಗಿರಾಕಿಗಳೂ ಒಬ್ಬ ಕೆಲಸದ ಹುಡುಗನೂ ಇದ್ದ ಎದುರಿನಲ್ಲಿ, “ವಯಸ್ಸಾದ ಮೇಲೆ ಕೈಲಾಗದ ಕೆಲಸ ಒಪ್ಪಿಕೊಳ್ಳಬಾರದು ಮೇಸ್ತ್ರಿ,” ಎಂದುಬಿಟ್ಟೆ. ಅವರು ಮರುಮಾತಾಡಲಿಲ್ಲ. “ಬಿಚ್ಚಿ ನೋಡ್ತೀನಿ ಸಾರ್,” ಎಂದರಷ್ಟೆ.

ಬಿಚ್ಚಿದಾಗ ಪಿಸ್ಟನ್ನಿನ ಮುಂಭಾಗದಲ್ಲಿ ನಾಲ್ಕಾರು ಗೀರುಗಳು ಕಂಡವು. ನನ್ನ ಮಾತು ಸಿದ್ಧಾಂತವಾದಂತೆ ನಾನು ಬೀಗಿದೆ. ಮೇಸ್ತ್ರಿ ಆ ಗೀರುಗಳನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ಸುಮ್ಮನೆ ಕೂತರು. “ಅಳತೆ ಸರಿಯಾಗೇ ನೋಡಿದ್ದೆನಲ್ಲ,” ಎಂದು ತಮಗೆ ತಾವೇ ಹೇಳಿಕೊಂಡರು. ಎರಡು ದಿನ ಬೇರೆ ಕೆಲಸ ಬಿಟ್ಟು, ಕೂಲಿಯಿಲ್ಲದೆ, ಗೀರನ್ನು ನವುರಾದ ಎಮರಿ ಕಾಗದದಲ್ಲಿ ತಿದ್ದಿ, ಅಳತೆಯನ್ನು ಮತ್ತೆ ಪರೀಕ್ಷಿಸಿ ಎಲ್ಲವನ್ನೂ ಜೋಡಿಸಿದರು. ಗಾಡಿ ಮತ್ತೆ ಅದೇ ದಾರಿಯಲ್ಲಿ ನಿಂತಿತು.

ಆಗ ಅವರು ನನ್ನನ್ನು ಕೂರಿಸಿಕೊಂಡು ಕೇಳಿದ ಮೊದಲ ಪ್ರಶ್ನೆ: “ಎಂಜಿನ್ ಆದ ಮೇಲೆ ನೀವೇನಾದ್ರೂ ಮುಟ್ಟಿದ್ದೀರಾ ಸಾರ್?” “ಏನೂ ಇಲ್ಲ,” ಎಂದೆ. ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ. ಆದರೂ ಅದು ಸುಳ್ಳಾಗಿತ್ತು. ಎರಡನೆಯ ಪ್ರಶ್ನೆ: “ಟ್ಯಾಂಕ್ ತುಂಬಿದ್ದಾಗ ಬೇಗ ನಿಲ್ಲುತ್ತೋ, ಅರ್ಧ ಇದ್ದಾಗ್ಲೋ?” ಯೋಚಿಸಿದೆ. ತುಂಬಿದ್ದಾಗಲೇ ಬೇಗ. ಮೇಸ್ತ್ರಿಯ ಮುಖ ಅರಳಿತು. ಪಿಸ್ಟನ್ನು ಬಿಗಿಯಾಗಿದ್ದರೆ ಅದಕ್ಕೆ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿದೆ ಎಂಬ ಲೆಕ್ಕ ಏಕೆ? “ನಾಳೆ ನಿಂತಾಗ ಕಾಯ್ಬೇಡಿ. ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆದು, ಹಾಕಿ, ಒದೀರಿ.”

ಮಾರನೆಯ ದಿನ ಹಾಗೆಯೇ ಮಾಡಿದೆ. ಮುಚ್ಚಳ ಸಡಿಲಿಸಿದೊಡನೆ ‘ಸುಯ್’ ಎಂದು ಗಾಳಿ ಒಳಕ್ಕೆ ನುಗ್ಗಿತು. ಕಾದ ಎಂಜಿನ್ ಕಾದಂತೆಯೇ ಹೊರಟಿತು. ಮುಚ್ಚಳವನ್ನು ತಿರುಗಿಸಿ ನೋಡಿದೆ. ಹೊಸದಾಗಿ ಬಣ್ಣ ಹಾಕಿಸಿದ ಟ್ಯಾಂಕಿನ ಮೇಲೆ ಪೆಟ್ರೋಲು ಜಿನುಗಿ ಕಲೆಯಾದೀತೆಂದು ಮೊದಲ ವಾರದ ಕೊನೆಯಲ್ಲಿ ನಾನೇ ಸೈಕಲ್ ಟ್ಯೂಬಿನಿಂದ ಕತ್ತರಿಸಿ ಒಳಗೆ ಕೂರಿಸಿದ್ದ ರಬ್ಬರಿನ ಬಿಲ್ಲೆ ಅಲ್ಲಿ ಉಬ್ಬಿಕೊಂಡು ಕೂತಿತ್ತು. ಮುಚ್ಚಳದಲ್ಲಿ ಗಾಳಿಯಾಡಲೆಂದು ಇದ್ದ ಸೂಜಿಮೊನೆಯಷ್ಟು ರಂಧ್ರವನ್ನು ಅದು ಮುಚ್ಚಿಬಿಟ್ಟಿತ್ತು. ಪೆಟ್ರೋಲು ಇಳಿದಂತೆಲ್ಲ ಅದರ ಜಾಗಕ್ಕೆ ಗಾಳಿ ಬಾರದೆ, ಕೊನೆಗೆ ಪೆಟ್ರೋಲೇ ಇಳಿಯದು. ಟ್ಯಾಂಕು ತುಂಬಿದ್ದರೆ ಒಳಗಿನ ಗಾಳಿ ಕಡಿಮೆ, ಆದ್ದರಿಂದ ಉಸಿರು ಕಟ್ಟುವುದೂ ಬೇಗ. ಪೆಟ್ರೋಲಿಲ್ಲವೆಂದರೆ ಎಣ್ಣೆಯೂ ಇಲ್ಲ. ಪಿಸ್ಟನ್ನಿನ ಮೇಲೆ ಗೀರು ಬಿದ್ದದ್ದು ಅದರಿಂದ. ನಾನು ಕಾರಣವೆಂದು ಎತ್ತಿ ತೋರಿಸಿದ್ದು ನಾನೇ ಮಾಡಿದ ಕೆಲಸದ ಪರಿಣಾಮವಾಗಿತ್ತು!

ಮೇಸ್ತ್ರಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಬಿಲ್ಲೆ ತೆಗೆದು ಓಡಿಸಲು ಹೇಳಿದರು. ನಂಜನಗೂಡಿಗೆ ಹೋಗಿ ಬಂದರೂ ಗಾಡಿ ನಿಲ್ಲಲಿಲ್ಲ. “ಈಗ ಅದನ್ನೇ ವಾಪಸ್ ಹಾಕಿ, ಹುಷಾರಾಗಿ ನೋಡಿ,” ಎಂದರು, ನಿಂತಿತು. ಇದ್ದಾಗ ಆಗುತ್ತದೆ, ಇಲ್ಲದಾಗ ಆಗುವುದಿಲ್ಲ. ನಮ್ಮ ತಾರ್ಕಿಕರು ಅನ್ವಯ–ವ್ಯತಿರೇಕವೆಂದು ಕರೆದದ್ದು ಇದನ್ನೇ. ನಾನು ಅದರ ಹೆಸರನ್ನು ಬಲ್ಲೆ. ಅವರು ಅದನ್ನು ಬಲ್ಲರು.

ಕ್ಷಮೆ ಕೇಳಿದೆ. “ಬಿಡಿ ಸಾರ್, ಗಾಡಿ ಓಡ್ತಲ್ಲ,” ಎಂದರು. ಎರಡು ದಿನದ ಕೂಲಿ ಕೊಟ್ಟೆ, ಎಣಿಸಿ ಜೇಬಿಗಿಟ್ಟುಕೊಂಡರು. ಲೆಕ್ಕ ಮುಗಿದಂತಾಯಿತು. ಆದರೆ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು: ಒಂದು ವೇಳೆ ಬೋರು ನಿಜವಾಗಿಯೂ ಬಿಗಿಯಾಗಿದ್ದಿದ್ದರೆ, ಅಂದು ನಾನಾಡಿದ ಮಾತು ನ್ಯಾಯವಾಗುತ್ತಿತ್ತೆ? ಬಹುಕಾಲ ಯೋಚಿಸಿದ ಮೇಲೆ, ಆಗುತ್ತಿರಲಿಲ್ಲ ಎಂಬ ನಿರ್ಣಯಕ್ಕೆ ಬಂದಿದ್ದೇನೆ. ವಿಚಾರಣೆಯಿಲ್ಲದೆ ಕೊಟ್ಟ ತೀರ್ಪು ಅಕಸ್ಮಾತ್ತಾಗಿ ಸರಿಹೋದರೂ ಅದು ನ್ಯಾಯವಲ್ಲ. ಕತ್ತಲಲ್ಲಿ ಎಸೆದ ಕಲ್ಲು ಕಳ್ಳನಿಗೇ ತಗುಲಿದಂತೆ. ಎಸೆದವನಿಗೆ ಅದರಲ್ಲಿ ಪುಣ್ಯವಿಲ್ಲ.

ಹಾಗಾದರೆ ಯಾರನ್ನೂ ಹೊಣೆ ಮಾಡಲೇಬಾರದೆ, ಕಾರಣಗಳ ಮಾತಾಡುತ್ತ ಉದಾಸೀನ ಮಾಡಿದವನನ್ನು ಬಿಟ್ಟುಬಿಡಬೇಕೆ ಎಂದು ಕೆಲವರು ಕೇಳಬಹುದು. ಖಂಡಿತ ಇಲ್ಲ. ಹೊಣೆಯ ಪ್ರಶ್ನೆ ಇರಲೇಬೇಕು. ಆದರೆ ಅದರ ಸ್ಥಾನ ಎರಡನೆಯದು. ಬಿಲ್ಲೆ ಸಿಕ್ಕಿದ ಮೇಲೆ ಅದನ್ನು ಕತ್ತರಿಸಿದ ಕೈ ಯಾವುದೆಂಬುದು ತಾನಾಗಿಯೇ ತಿಳಿಯಿತು. ಅದಕ್ಕೆ ಮೊದಲೇ ಕೈಯನ್ನು ಹುಡುಕಹೊರಟರೆ, ಸಮೀಪದಲ್ಲಿರುವ, ಎದುರು ಮಾತಾಡದ, ನಮ್ಮಿಂದ ಹಣ ಪಡೆದ ಕೈಯೇ ಸಿಕ್ಕುತ್ತದೆ. ಮನೆಯಲ್ಲಿ ವಸ್ತು ಕಳೆದರೆ ಕೆಲಸದವಳ ಹೆಸರು ಮೊದಲು ಬರುವುದೂ, ಮಕ್ಕಳು ಫೇಲಾದರೆ ಮೇಷ್ಟರ ಹೆಸರು ಬರುವುದೂ ಈ ಕಾರಣದಿಂದಲೇ.

ಇನ್ನು, ‘ಎಲ್ಲ ನನ್ನದೇ ತಪ್ಪು’ ಎಂದು ಮೊದಲೇ ತಲೆಬಾಗುವುದೂ ವಿವೇಕವಲ್ಲ. ಮೇಸ್ತ್ರಿ ಆ ಎರಡು ದಿನ ತಮ್ಮ ಅಳತೆಯ ಮೇಲೆಯೇ ಸಂದೇಹಪಟ್ಟರು. ಮತ್ತೆ ಮತ್ತೆ ಬೋರನ್ನೇ ನೋಡಿದರು. ಅಷ್ಟು ಹೊತ್ತೂ ಮುಚ್ಚಳ ಕಣ್ಣೆದುರಿನಲ್ಲೇ ಇತ್ತು. ಆತ್ಮನಿಂದೆಯೂ ಅವಸರದ ತೀರ್ಪೇ. ಅವರು ಬಿಡುಗಡೆಯಾದದ್ದು, ತಪ್ಪು ತಮ್ಮದೋ ನನ್ನದೋ ಎಂಬುದನ್ನು ಬದಿಗಿಟ್ಟು ಗಾಡಿಯ ನಡತೆಯನ್ನು ಕುರಿತು ಪ್ರಶ್ನೆ ಕೇಳಿದಾಗ.

ಗಾಡಿ ಈಗ ಚೆನ್ನಾಗಿ ಓಡುತ್ತಿದೆ. ಮೇಸ್ತ್ರಿಯ ಷೆಡ್ಡಿಗೆ ಹೋದಾಗಲೆಲ್ಲ ಅಂದು ನನ್ನ ಮಾತು ಕೇಳಿಸಿಕೊಂಡ ಆ ಇಬ್ಬರು ಗಿರಾಕಿಗಳು ಸಿಕ್ಕಾರೆಯೆ ಎಂದು ಸುತ್ತ ನೋಡುತ್ತೇನೆ. ಕೆಲಸದ ಹುಡುಗನಿಗೆ ಬಿಲ್ಲೆಯ ಕಥೆ ಗೊತ್ತು, ಅವರಿಗೆ ಗೊತ್ತಿಲ್ಲ. ಅವರ ಮನಸ್ಸಿನಲ್ಲಿ ಮೇಸ್ತ್ರಿ ಇನ್ನೂ ಕೈಲಾಗದ ಮುದುಕರೇ. ಮೂರು ವರ್ಷವಾಯಿತು, ಒಬ್ಬರೂ ಸಿಕ್ಕಿಲ್ಲ.