ದಿಬ್ಬದ ಹಿಂದಿನ ಲೈನು

ನಮ್ಮ ಕಡೆ ನಂದಿದುರ್ಗ ಎಂದರೆ ಎರಡು. ಒಂದು ಚಿಕ್ಕಬಳ್ಳಾಪುರದ ಬದಿಯ ಬೆಟ್ಟ, 1478 ಮೀಟರ್ ಎತ್ತರ. ಬೆಂಗಳೂರಿನ ಹುಡುಗರು ಕ್ಯಾಮೆರಾ ಕೊಂಡ ಮೊದಲ ಭಾನುವಾರ ನಸುಕಿನಲ್ಲೇ ಬೈಕ್ ಹತ್ತಿ ಹೋಗುವುದು ಅಲ್ಲಿಗೆ. ಕಾಲಡಿಯಲ್ಲಿ ಮೋಡ, ಮೋಡದ ಮೇಲೆ ಕೆಂಪು ಸೂರ್ಯ. ಆ ಚಿತ್ರವನ್ನು ನೀವೂ ನೂರು ಸಲ ನೋಡಿರುತ್ತೀರಿ. ಇನ್ನೊಂದು ನಂದಿದುರ್ಗ ಕೆಜಿಎಫ್‌ನಲ್ಲಿದೆ. ಅದು ಚಿನ್ನದ ಗಣಿ. ಬ್ರಿಟಿಷರು ಬೆಟ್ಟದ ಹೆಸರನ್ನು ಎರವಲು ತಂದು, ತಮ್ಮ ನಾಲಿಗೆಗೆ ತಕ್ಕಂತೆ ‘ನಂದಿಡ್ರೂಗ್’ ಎಂದು ತಿರುಚಿ ಗಣಿಗೆ ಇಟ್ಟರು. ಒಂದು ನಂದಿದುರ್ಗಕ್ಕೆ ಹತ್ತಬೇಕು, ಇನ್ನೊಂದಕ್ಕೆ ಇಳಿಯಬೇಕಿತ್ತು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳೆಲ್ಲ ಮುಚ್ಚಿದ ಮೇಲೆ ಇಳಿಯುವವರೂ ಇಲ್ಲವಾದರು.

ಬಂಗಾರಪೇಟೆಯವನಾದ ನನಗೆ ಎರಡನೆಯ ನಂದಿದುರ್ಗ ಹತ್ತಿರದ್ದು. ಮಾರಿಕುಪ್ಪಂ ಗಾಡಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಕಿಟಕಿಯಾಚೆ ಸೈನೈಡ್ ದಿಬ್ಬಗಳು ಕಾಣತೊಡಗುತ್ತವೆ. ಹೊರಗಿನವರು ಅವನ್ನು ಬೆಟ್ಟ ಎಂದುಕೊಳ್ಳುತ್ತಾರೆ. ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಪುಡಿಯ ರಾಶಿ ಅದು. ನೂರಿಪ್ಪತ್ತು ವರ್ಷಗಳಲ್ಲಿ ಈ ನೆಲದಿಂದ ಹೊರಗೆ ಹೋದ ಚಿನ್ನ ಸುಮಾರು 800 ಟನ್. ಇಲ್ಲೇ ಉಳಿದ ಪುಡಿ ಮೂರು ಕೋಟಿ ಟನ್ನಿಗೂ ಹೆಚ್ಚು.

ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲದ ಸಂಜೆ, ಆ ದಿಬ್ಬಗಳಲ್ಲೊಂದರ ಚಿತ್ರ ತೆಗೆದೆ. ಮಳೆನೀರು ಕೊರೆದ ಸೀಳುಗಳು ಮೇಲಿನಿಂದ ಬುಡದವರೆಗೆ ಸೀರೆಯ ನಿರಿಗೆಯ ಹಾಗೆ ಇಳಿದಿದ್ದವು. ಓರೆಬಿಸಿಲು ಒಂದೊಂದು ನಿರಿಗೆಗೂ ನೆರಳಿನ ಅಂಚು ಕೊಟ್ಟಿತ್ತು. ದೂರದ ಲೆನ್ಸ್ ಹಾಕಿ, ಆಕಾಶವನ್ನು ಒಂದು ಗೆರೆಯಷ್ಟು ಉಳಿಸಿ, ಕಪ್ಪು ಬಿಳುಪಿಗೆ ತಿರುಗಿಸಿ ‘ಹಿಮ’ ಎಂದು ಹೆಸರಿಟ್ಟೆ. ಬೆಂಗಳೂರಿನ ಒಂದು ಸಣ್ಣ ಪ್ರದರ್ಶನದಲ್ಲಿ ಅದನ್ನು ನೋಡಿದ ಒಬ್ಬರು “ಲಡಾಖಾ?” ಎಂದು ಕೇಳಿದಾಗ ನನಗೆ ಹೇಳಲಾಗದಷ್ಟು ಹಿಗ್ಗಾಯಿತು. ನಮ್ಮೂರಿನ ಕಸದ ರಾಶಿಯನ್ನು ಲಡಾಖ್ ಮಾಡಿದ್ದೆ. ಕಲಾದೃಷ್ಟಿ ಎಂದರೆ ಇದೇ ಇರಬೇಕು ಎಂದುಕೊಂಡೆ.

ಊರಿಗೆ ಬಂದಾಗ ಆ ಪ್ರಿಂಟನ್ನು ಗೆಳೆಯನ ತಂದೆಗೆ ತೋರಿಸಿದೆ. ನಂದಿದುರ್ಗದಲ್ಲಿ ಮೂವತ್ತು ವರ್ಷ ಕೆಳಗಿಳಿದು ದುಡಿದವರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಇದು ನಮ್ಮ ದಿಬ್ಬ ಅಲ್ವೇನಪ್ಪಾ?”

“ಹೌದು ತಾತ.”

“ಇದರ ಬುಡದಲ್ಲಿ ಲೈನ್ ಮನೆಗಳಿವೆಯಲ್ಲ, ಅವೆಲ್ಲಿ?”

“ಫ್ರೇಮಿಗೆ ಬರಲಿಲ್ಲ ತಾತ.”

“ಬರಲಿಲ್ವೋ, ನೀನು ಕರೀಲಿಲ್ವೋ?”

ಅವರು ನಗುತ್ತಲೇ ಕೇಳಿದ್ದು. ಪ್ರಿಂಟನ್ನು ಹಿಂದಕ್ಕೆ ಕೊಟ್ಟು ಕಾಫಿ ತರಲು ಹೇಳಿದರು. ಆದರೆ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈ ಬರಹ ಅದಕ್ಕೆ ಉತ್ತರ ಹುಡುಕುವ ಪ್ರಯತ್ನ.

ಮೊದಲು ನನ್ನ ಪರವಾಗಿ ವಾದಿಸಿಕೊಳ್ಳುತ್ತೇನೆ. ಛಾಯಾಚಿತ್ರ ಎಂದರೇ ಬಿಡುವ ಕೆಲಸ. ಚಿತ್ರಕಾರ ಖಾಲಿ ಹಾಳೆಯ ಮೇಲೆ ಒಂದೊಂದನ್ನೇ ಸೇರಿಸುತ್ತಾ ಹೋಗುತ್ತಾನೆ. ಛಾಯಾಗ್ರಾಹಕನ ಮುಂದೆ ಜಗತ್ತು ಆಗಲೇ ತುಂಬಿ ನಿಂತಿರುತ್ತದೆ, ಅವನು ಒಂದೊಂದನ್ನೇ ಆಚೆ ಇಡುತ್ತಾನೆ. ಎಲ್ಲವನ್ನೂ ಒಳಗೆ ತರುತ್ತೇನೆ ಎಂದು ಹೊರಟರೆ ಅದು ಸರ್ವೆ ನಕ್ಷೆಯಾದೀತು. ದಿಬ್ಬದ ಮೇಲೆ ಬಿದ್ದ ಬಿಸಿಲು ಸುಳ್ಳಲ್ಲ, ಮಳೆ ಕೊರೆದ ನಿರಿಗೆಯೂ ಸುಳ್ಳಲ್ಲ. ಇದ್ದ ಚೆಲುವನ್ನು ತೋರಿಸಿದ್ದು ಹೇಗೆ ತಪ್ಪಾಗುತ್ತದೆ? ಮೇಲಾಗಿ, ಚೆಲುವಿಲ್ಲದಿದ್ದರೆ ಯಾರು ನಿಂತು ನೋಡುತ್ತಾರೆ? ಕೆನಡಾದ ಎಡ್ವರ್ಡ್ ಬರ್ಟಿನ್ಸ್ಕಿ 1996ರಲ್ಲಿ ಒಂಟಾರಿಯೊದ ಸಡ್‌ಬರಿಯಲ್ಲಿ ನಿಕಲ್ ಗಣಿಯ ತ್ಯಾಜ್ಯ ಹರಿಯುವುದನ್ನು ಚಿತ್ರಿಸಿದರು. ಕಪ್ಪು ನೆಲದ ನಡುವೆ ಕೆಂಡದಂಥ ಕಿತ್ತಳೆ ಬಣ್ಣದ ಹೊಳೆ. ನೋಡಿದವರ ಉಸಿರು ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಅದು ಏನೆಂದು ತಿಳಿದು ಮೈ ಜುಮ್ಮೆನ್ನುತ್ತದೆ. ಚೆಲುವು ಅಲ್ಲಿ ಕೊಕ್ಕೆಯ ಹಾಗೆ ಕೆಲಸ ಮಾಡುತ್ತದೆ.

ಈ ವಾದದಲ್ಲಿ ಹುರುಳಿದೆ. ಆದರೆ ಬರ್ಟಿನ್ಸ್ಕಿ ತಮ್ಮ ಚಿತ್ರಕ್ಕೆ ಇಟ್ಟ ಹೆಸರು ‘ನಿಕಲ್ ಟೇಲಿಂಗ್ಸ್’, ಅಂದರೆ ನಿಕಲ್ ತ್ಯಾಜ್ಯ. ನಾನು ಇಟ್ಟಿದ್ದು ‘ಹಿಮ’. ಅವರ ಕೊಕ್ಕೆಗೆ ಸಿಕ್ಕಿದ ನೋಡುಗ ಗಣಿಗೆ ಬಂದು ಮುಟ್ಟುತ್ತಾನೆ. ನನ್ನ ಕೊಕ್ಕೆಗೆ ಸಿಕ್ಕಿದವರು ಲಡಾಖಿಗೆ ಹೋದರು. ನಾನೇ ಕಳಿಸಿದ್ದೆ.

ಇಲ್ಲಿ ನಮ್ಮ ಕಾವ್ಯಮೀಮಾಂಸೆಯ ಒಂದು ಮಾತು ನೆನಪಾಗುತ್ತದೆ. ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದವರಿಗೆ ಸಾಧಾರಣೀಕರಣದ ತತ್ವ ಗೊತ್ತಿರುತ್ತದೆ. ಲೋಕದಲ್ಲಿ ದುಃಖ ಕೊಡುವ ಶೋಕ ನಾಟಕದಲ್ಲಿ ಕರುಣರಸವಾಗಿ ಹೇಗೆ ಆನಂದ ಕೊಡುತ್ತದೆ ಎಂಬುದು ಹಳೆಯ ಪ್ರಶ್ನೆ. ಭಟ್ಟನಾಯಕ ಹೇಳಿ ಅಭಿನವಗುಪ್ತ ಬೆಳೆಸಿದ ಉತ್ತರ ಹೀಗಿದೆ: ರಂಗದ ಮೇಲಿನ ದುಃಖ ಇವನದು, ಅವನದು, ನನ್ನದು ಎಂಬ ಕಟ್ಟನ್ನು ಕಳಚಿಕೊಂಡಿರುತ್ತದೆ. ಯಾರದ್ದೂ ಅಲ್ಲದ್ದರಿಂದಲೇ ಅದು ಎಲ್ಲರದ್ದಾಗುತ್ತದೆ. ನಟ ರಾಮನಲ್ಲ, ಅವನ ಕಣ್ಣೀರಿಗಾಗಿ ನಾವು ಎದ್ದು ಹೋಗಿ ಏನೂ ಮಾಡಬೇಕಾಗಿಲ್ಲ. ಆ ಬಿಡುವಿನಲ್ಲಿ ರಸ ಹುಟ್ಟುತ್ತದೆ.

ಛಾಯಾಚಿತ್ರ ಈ ತತ್ವಕ್ಕೆ ಪೂರ್ತಿ ಒಗ್ಗುವುದಿಲ್ಲ. ಅದರಲ್ಲಿರುವ ಗಣಿಗಾರ ಗಣಿಗಾರನ ಪಾತ್ರ ಮಾಡುತ್ತಿಲ್ಲ. ಅವನಿಗೆ ಒಂದು ಹೆಸರಿತ್ತು, ಹಾಜರಿ ಪುಸ್ತಕದಲ್ಲಿ ಒಂದು ನಂಬರಿತ್ತು, ಮನೆಯಲ್ಲಿ ಕಾಯುವವರಿದ್ದರು. ಬೆಳಕು ಅವನ ಮೈಯಿಂದಲೇ ಹೊರಟು ಫಿಲ್ಮನ್ನು ಮುಟ್ಟಿತ್ತು. ಚಿತ್ರ ಎಷ್ಟೇ ಕಲಾತ್ಮಕವಾಗಿರಲಿ, ‘ಯಾರದ್ದೂ ಅಲ್ಲ’ ಎನ್ನುವ ಸ್ಥಿತಿಗೆ ಅದು ತಲುಪಲಾರದು. ತಲುಪಿದಂತೆ ಕಂಡರೆ ಯಾರದ್ದೋ ಗುರುತನ್ನು ಅಳಿಸಿಯೇ ತಲುಪಿರುತ್ತದೆ. ಕವಿಗೆ ಇಲ್ಲದ ಒಂದು ಋಣ ಛಾಯಾಗ್ರಾಹಕನಿಗೆ ಇದೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಭವಭೂತಿಯ ‘ಉತ್ತರರಾಮಚರಿತ’ದ ಮೊದಲ ಅಂಕದಲ್ಲಿ ಚಿತ್ರಗಳನ್ನು ನೋಡುವ ಒಂದು ಪ್ರಸಂಗವಿದೆ. ರಾಮ, ಸೀತೆ, ಲಕ್ಷ್ಮಣ ಮೂವರೂ ತಮ್ಮದೇ ವನವಾಸದ ಕಥೆಯನ್ನು ಬಿಡಿಸಿದ ಚಿತ್ರಗಳ ಮುಂದೆ ನಿಲ್ಲುತ್ತಾರೆ. ಶೂರ್ಪನಖಿಯನ್ನು ಕಂಡು ಸೀತೆ ಬೆದರುತ್ತಾಳೆ, ಇದು ಬರೀ ಚಿತ್ರವೆಂದು ರಾಮ ಸಮಾಧಾನ ಹೇಳುತ್ತಾನೆ. ಸ್ವಲ್ಪ ಹೊತ್ತಿಗೆ ಅವನ ಕಣ್ಣಲ್ಲೇ ನೀರು. ಬೇರೆಯವರಿಗೆ ರಸವಾಗುವ ಚಿತ್ರ ಅವರಿಗೆ ಬದುಕಾಗಿದೆ. ನೋಡುವವರೂ ಚಿತ್ರದೊಳಗಿರುವವರೂ ಒಬ್ಬರೇ ಆದಾಗ ಏನಾಗುತ್ತದೆ ಎಂದು ಭವಭೂತಿಗೆ ಗೊತ್ತಿತ್ತು. ಬೆಂಗಳೂರಿನ ಪ್ರದರ್ಶನದಲ್ಲಿ ನನಗೆ ಸಹೃದಯರು ಸಿಕ್ಕಿದ್ದರು. ತಾತ ಸೀತೆಯ ಜಾಗದಲ್ಲಿ ನಿಂತಿದ್ದರು. ನನ್ನ ಚಿತ್ರದಲ್ಲಿ ತಮ್ಮನ್ನು ಹುಡುಕಿದರು, ಸಿಗಲಿಲ್ಲ.

ಹಾಗಾದರೆ ಎಲ್ಲ ಚಿತ್ರದಲ್ಲೂ ಲೈನ್ ಮನೆಗಳು ಇರಲೇಬೇಕೇ? ಬಡತನ ಕಾಣಿಸಿದರೆ ಮಾತ್ರ ಚಿತ್ರ ಪ್ರಾಮಾಣಿಕವೇ? ಈ ದಾರಿಯಲ್ಲೂ ಅಪಾಯವಿದೆ. ಜನರನ್ನು ಒಳಗೆ ತಂದ ಮಾತ್ರಕ್ಕೆ ಋಣ ತೀರುವುದಿಲ್ಲ. ಕ್ಯಾಮೆರಾ ಬಂದ ಕಾಲದಿಂದಲೂ ಅಧಿಕಾರ ಅದನ್ನು ಜನರನ್ನು ಎಣಿಸಲು, ಗುರುತು ಹಿಡಿಯಲು ಬಳಸಿದೆ. 1930ರಲ್ಲಿ ಕೋಲಾರದ ಗಣಿ ಕಾರ್ಮಿಕರು ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಕ್ರಮದ ವಿರುದ್ಧ ಮುಷ್ಕರ ಹೂಡಿದ್ದರು. ತಮ್ಮ ಮೈಯ ಗುರುತು ತಮ್ಮ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಕಡತ ಸೇರಬಾರದೆಂಬ ಎಚ್ಚರ ಅವರಿಗಿತ್ತು. ಲೈನಿನ ಬಾಗಿಲಲ್ಲಿ ಕೂತ ಮುದುಕಿಯ ಸುಕ್ಕುಗಳನ್ನು ಕೇಳದೆ ಕ್ಲಿಕ್ಕಿಸಿ ‘ಕಾಲ’ ಎಂದು ಹೆಸರಿಡುವವನೂ ನನ್ನಷ್ಟೇ ತಪ್ಪು ಮಾಡುತ್ತಾನೆ. ನಾನು ಕರೆಯಲಿಲ್ಲ, ಅವನು ಕೇಳದೆ ಎಳೆದು ತಂದ.

ಈ ಎರಡರ ನಡುವೆ ಇನ್ನೊಂದು ದಾರಿಯಿದೆ ಎಂದು ನನಗೆ ತೋರಿಸಿಕೊಟ್ಟವರು ದಕ್ಷಿಣ ಆಫ್ರಿಕಾದ ಇಬ್ಬರು. ಅರ್ನೆಸ್ಟ್ ಕೋಲ್ ಅವರ 1967ರ ‘ಹೌಸ್ ಆಫ್ ಬಾಂಡೇಜ್’ ಪುಸ್ತಕದಲ್ಲಿ ಒಂದು ಚಿತ್ರವಿದೆ. ಗಣಿಗೆ ಸೇರಲು ಬಂದ ಕಪ್ಪು ಜನರನ್ನು ವೈದ್ಯಕೀಯ ತಪಾಸಣೆಗೆಂದು ಬೆತ್ತಲೆ ನಿಲ್ಲಿಸಲಾಗಿದೆ. ಸಾಲಾಗಿ, ಗೋಡೆಗೆ ಮುಖ ಮಾಡಿ, ಎರಡೂ ಕೈ ಎತ್ತಿ. ಅವಮಾನದ ಆ ಗಳಿಗೆ ಪೂರ್ತಿಯಾಗಿ ನಮ್ಮ ಮುಂದಿದೆ, ಆದರೆ ಅವರ ಮುಖ ನಮಗೆ ಕಾಣದು. ಕೋಲ್ ಕೂಡ ಬಿಟ್ಟರು. ಅವರು ಬಿಟ್ಟದ್ದರಿಂದ ಚಿತ್ರದೊಳಗಿನವರ ಮಾನ ಉಳಿಯಿತು. ನಾನು ಬಿಟ್ಟದ್ದರಿಂದ ನನ್ನ ಸಂಯೋಜನೆ ಅಚ್ಚುಕಟ್ಟಾಯಿತು, ಅಷ್ಟೇ.

ಇನ್ನೊಬ್ಬರು ಡೇವಿಡ್ ಗೋಲ್ಡ್‌ಬ್ಲಾಟ್. ಹುಟ್ಟಿದ್ದು ರಾಂಡ್‌ಫಾಂಟೇನ್ ಎಂಬ ಚಿನ್ನದ ಗಣಿಯ ಊರಿನಲ್ಲಿ. ಸುತ್ತಲಿನ ಹಳೆಯ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ ಅವುಗಳ ಚಿತ್ರ ತೆಗೆಯುತ್ತಾ ಹೋದರು. 1973ರಲ್ಲಿ ನದೀನ್ ಗಾರ್ಡಿಮರ್ ಅವರ ಬರಹದೊಂದಿಗೆ ‘ಆನ್ ದ ಮೈನ್ಸ್’ ಬಂತು. ಅಲ್ಲಿಯೂ ಜನರಿಲ್ಲದ, ಹಾಳುಬಿದ್ದ ಜಾಗಗಳ ಚಿತ್ರಗಳಿವೆ. ಬೆಳಕಿನ, ಆಕಾರದ ಚೆಲುವೂ ಇದೆ. ಆದರೆ ಅವರು ಚಿತ್ರಗಳಿಗೆ ಬರೆಯುತ್ತಿದ್ದ ಅಡಿಟಿಪ್ಪಣಿಗಳನ್ನು ಓದಬೇಕು. ಯಾವ ಗಣಿ, ಯಾವ ಊರು, ಯಾವ ವರ್ಷ, ಎಲ್ಲವೂ ಇರುತ್ತವೆ. ‘ಮೌನ’, ‘ಅನಂತ’ ಎಂಬ ಹೆಸರುಗಳ ಹಂಗು ಅವರಿಗಿಲ್ಲ. ವರ್ಣಭೇದದ ಕಾಲದಲ್ಲಿ ತಮ್ಮ ಸ್ವಂತ ಕೆಲಸಕ್ಕೆ ಬಣ್ಣವನ್ನು ದೂರವಿಟ್ಟಿದ್ದರು, ಆಗಿನ ಕಹಿಗೆ ಬಣ್ಣ ತೀರಾ ಸಿಹಿಯೆನಿಸಿತ್ತಂತೆ. ನಾನೂ ಕಪ್ಪು ಬಿಳುಪನ್ನೇ ಆರಿಸಿದ್ದೆ, ಪುಡಿ ಹಿಮದಂತೆ ಕಾಣಲಿ ಎಂದು. ಒಂದೇ ತಂತ್ರ ಒಬ್ಬರಲ್ಲಿ ಸಂಯಮವಾಯಿತು, ಇನ್ನೊಬ್ಬನಲ್ಲಿ ಮರೆಮಾಚುವ ಉಪಾಯವಾಯಿತು.

ತಾತ ಕೇಳಿದ್ದರ ಒಳಗೆ ಇರುವುದು ಇದೇ ವ್ಯತ್ಯಾಸ ಎಂದು ಈಗ ತೋರುತ್ತದೆ. ತಿಳಿದು ಬಿಡುವುದು ಬೇರೆ, ತಿಳಿಯದೆ ಬಿಡುವುದು ಬೇರೆ. ದಿಬ್ಬದ ಪುಡಿ ಗಾಳಿ ಎದ್ದ ದಿನ ಲೈನಿನ ನೀರಿನ ಕೊಡದ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಹೇಗೆ ಕೂರುತ್ತದೆ ಎಂದು ತಿಳಿದವನು ದಿಬ್ಬವೊಂದನ್ನೇ ಚಿತ್ರಿಸಿದರೂ ಅವನು ನಿಲ್ಲುವ ಜಾಗ ಬೇರೆಯಾಗುತ್ತದೆ, ಕಾಯುವ ಗಳಿಗೆ ಬೇರೆಯಾಗುತ್ತದೆ, ಇಡುವ ಹೆಸರಂತೂ ಖಂಡಿತ ಬೇರೆಯಾಗುತ್ತದೆ. ಈ ವ್ಯತ್ಯಾಸ ಚಿತ್ರದಲ್ಲಿ ಯಾವಾಗಲೂ ಕಾಣುತ್ತದೆಯೇ? ಇಲ್ಲ ಎಂದು ಒಪ್ಪಿಕೊಳ್ಳಬೇಕು. ಅಕ್ಕಪಕ್ಕ ಇಟ್ಟರೆ ಎರಡು ಚಿತ್ರಗಳು ಒಂದೇ ರೀತಿ ಕಾಣಬಹುದು. ಆದ್ದರಿಂದ ನೀತಿಯ ಪ್ರಶ್ನೆ ಫ್ರೇಮಿನ ನಾಲ್ಕು ಗೆರೆಗಳೊಳಗೆ ಮುಗಿಯುವುದಿಲ್ಲ. ಚಿತ್ರ ತೆಗೆಯುವ ಮೊದಲು ಎಷ್ಟು ದಿನ ಅಲ್ಲಿ ಓಡಾಡಿದೆವು, ತೆಗೆದ ಮೇಲೆ ಅದನ್ನು ಮೊದಲು ಯಾರಿಗೆ ತೋರಿಸಿದೆವು, ಅವರು ಕೇಳಿದ್ದಕ್ಕೆ ಏನು ಹೇಳಿದೆವು ಎಂಬುದೂ ಕಲೆಯ ಭಾಗವೇ.

ಕೆಜಿಎಫ್‌ನ ಇನ್ನೊಂದು ಚಿತ್ರದ ಕಥೆ ಹೇಳುತ್ತೇನೆ. 1965ರಲ್ಲಿ ಇಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರೊಂದಿಗೆ ಸೇರಿ ನ್ಯೂಟ್ರಿನೊ ಎಂಬ ಕಣಗಳಿಗಾಗಿ ಕಾದು ಕೂತಿದ್ದರು. ನಮ್ಮವರೇ ಆದ ಬಿ.ವಿ. ಶ್ರೀಕಂಠನ್ ಆ ತಂಡದಲ್ಲಿದ್ದರು. ಕಣ ಹಾದುಹೋದ ಗುರುತಿಗೆ ನಿಯಾನ್ ತುಂಬಿದ ಕೊಳವೆಗಳು ಮಿನುಗಿದರೆ ಕ್ಯಾಮೆರಾ ಆ ಮಿನುಗಿನ ಗೆರೆಯನ್ನು ಹಿಡಿಯುತ್ತಿತ್ತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಆ ವರ್ಷ ಜಗತ್ತಿಗೆ ಮೊದಲ ಬಾರಿ ಸಿಕ್ಕಿದ್ದು ಎರಡು ಚಿನ್ನದ ಗಣಿಗಳಲ್ಲಿ. ಒಂದು ನಮ್ಮ ಕೋಲಾರದ್ದು, ಇನ್ನೊಂದು ದಕ್ಷಿಣ ಆಫ್ರಿಕಾದ್ದು. ಸೂರ್ಯನ ಬೆಳಕು ಎಂದೂ ಮುಟ್ಟದ ಜಾಗದಲ್ಲಿ ಕ್ಯಾಮೆರಾ ಇಟ್ಟು, ಏನು ಬರುತ್ತದೋ ಬರಲಿ ಎಂದು ತಿಂಗಳುಗಟ್ಟಲೆ ಕಾಯುವ ಆ ಛಾಯಾಗ್ರಹಣ ನನಗೆ ದೊಡ್ಡ ಪಾಠ. ಕಲಾವಿದನ ದೃಷ್ಟಿ ಎಂದರೆ ಲೋಕದ ಮೇಲೆ ತನ್ನ ಕಲ್ಪನೆಯನ್ನು ಹೊದಿಸುವುದು ಎಂದು ನಾನು ನಂಬಿದ್ದೆ. ಎದುರಿಗಿರುವುದು ತಾನಾಗಿ ಬರುವವರೆಗೆ ಅದಕ್ಕೆ ಜಾಗ ಮಾಡಿಕೊಟ್ಟು ಕಾಯುವುದೂ ದೃಷ್ಟಿಯೇ.

ಈಗ ಕೆಜಿಎಫ್‌ಗೆ ಬರುವವರು ಹೆಚ್ಚಾಗಿದ್ದಾರೆ. 2018 ಮತ್ತು 2022ರ ಸಿನಿಮಾಗಳ ನಂತರ ನಮ್ಮೂರಿನ ಹೆಸರು ದೇಶಕ್ಕೆಲ್ಲ ಗೊತ್ತು. ಕಥೆ ಕಟ್ಟುವ ಸ್ವಾತಂತ್ರ್ಯ ಸಿನಿಮಾಕ್ಕಿದೆ, ಅದರ ಮೇಲೆ ನನಗೆ ದೂರಿಲ್ಲ. ಆದರೆ ದಿಬ್ಬದ ಕಡೆ ಹೋಗುವ ಹುಡುಗರು ನನ್ನನ್ನು “ಒಳ್ಳೆ ಫ್ರೇಮ್ ಎಲ್ಲಿ ಸಿಗುತ್ತೆ ಸಾರ್?” ಎಂದು ಕೇಳಿದಾಗ ನಾನು ಮೊದಲು ಲೈನಿನ ದಾರಿ ತೋರಿಸುತ್ತೇನೆ. ಅಲ್ಲಿ ಒಂದು ಗಂಟೆ ಸುಮ್ಮನೆ ಕೂತು ಮಾತಾಡಿ, ಆಮೇಲೆ ದಿಬ್ಬ ನೋಡಿ ಎನ್ನುತ್ತೇನೆ. ಕೆಲವರು ಹೋಗುತ್ತಾರೆ. ಉಳಿದವರು ನನ್ನನ್ನು ದಾಟಿ ಮುಂದೆ ನಡೆಯುತ್ತಾರೆ, ಅಂದು ನಾನೂ ನಡೆದಿದ್ದ ಹಾಗೆ.

ಮರುವರ್ಷ ಅದೇ ದಿಬ್ಬವನ್ನು ಲೈನಿನ ಒಳಗಿನಿಂದ, ತಾತನ ಮನೆ ಜಗಲಿಯ ಮೇಲೆ ನಿಂತು ತೆಗೆದೆ. ಎದುರು ಮನೆಯ ತಗಡಿನ ಸೂರು, ಬಟ್ಟೆ ಒಣಹಾಕುವ ತಂತಿ, ಅದರಾಚೆ ದಿಬ್ಬದ ಒಂದು ಹೋಳು. ಮಟಮಟ ಮಧ್ಯಾಹ್ನದ ಚಪ್ಪಟೆ ಬೆಳಕು. ಚಿತ್ರವಾಗಿ ಅದು ಮೊದಲನೆಯದರ ಹತ್ತಿರಕ್ಕೂ ಬರುವುದಿಲ್ಲ, ಯಾವ ಪ್ರದರ್ಶನಕ್ಕೂ ನಾನದನ್ನು ಕಳಿಸಿಲ್ಲ. ತಾತನಿಗೆ ತೋರಿಸಿದೆ. ಬೆರಳಿಟ್ಟು ಒಂದೊಂದೇ ಗುರುತಿಸಿದರು: ಇದು ಇಂಥವರ ಮನೆ, ಇದು ನಲ್ಲಿ, ಇಲ್ಲೇ ನಿಂತು ಶಿಫ್ಟಿನ ಸೈರನ್ ಕೇಳುತ್ತಿದ್ದೆವು. ಆಮೇಲೆ ಹಳೆಯ ಚಿತ್ರವನ್ನೂ ತರಿಸಿಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

“ಅದೂ ಚೆನ್ನಾಗೇ ಇದೆ,” ಎಂದರು. “ಹೆಸರು ಮಾತ್ರ ಬದಲಾಯಿಸಪ್ಪಾ.”

ಬದಲಾಯಿಸಿದ್ದೇನೆ. ಈಗ ಅದರ ಕೆಳಗೆ ‘ಸೈನೈಡ್ ದಿಬ್ಬ, ನಂದಿದುರ್ಗ ಗಣಿ, ಕೆಜಿಎಫ್’ ಎಂದಿದೆ. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಚಿತ್ರದಲ್ಲಿ ಕಾಣದ ಲೈನಿನ ಹೆಸರೂ ಇದೆ.