ರೋಗಸ್ಥನ ಭಾರವನ್ನು ಹೊರತಕ್ಕವರು ಯಾರು?

ಬಹುಕಾಲದ ರೋಗವುಳ್ಳವನಿಗೆ, “ಇನ್ನು ಮೇಲೆ ನಿನ್ನ ವ್ಯಾಧಿಯನ್ನು ನೀನೇ ನೋಡಿಕೊಳ್ಳಬೇಕು” ಎಂದು ಹೇಳುವದು ಉಪಕಾರವೋ, ಇಲ್ಲವೆ ಅವನನ್ನು ಕೈಬಿಡುವದೋ? ಶ್ವಾಸಕೋಶದ ಒಂದು ರೋಗವನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

ವೈದ್ಯರು ಸಿ.ಒ.ಪಿ.ಡಿ. ಎಂದು ಕರೆಯುವ ಈ ರೋಗದಲ್ಲಿ ಉಸಿರಿನ ನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿಯು ಸುಲಭವಾಗಿ ಹೊರಗೆ ಬಾರದು. ತಂಬಾಕಿನ ಹೊಗೆಯು ಇದಕ್ಕೆ ದೊಡ್ಡ ಕಾರಣ. ಆದರೆ ಬೀಡಿಯನ್ನು ಎಂದೂ ಮುಟ್ಟದ ನಮ್ಮ ಹಳ್ಳಿಯ ಹೆಂಗಸರಿಗೂ, ಸೌದೆ ಬೆರಣಿಗಳ ಒಲೆಯ ಮುಂದೆ ಅನೇಕ ವರುಷ ಕೂತದ್ದರಿಂದ, ಇದು ಬರುವದುಂಟು. ಒಮ್ಮೆ ಕೆಟ್ಟ ಶ್ವಾಸಕೋಶವು ಪುನಃ ಮೊದಲಿನಂತಾಗದು. ರೋಗಸ್ಥನು ವೈದ್ಯನ ಮುಂದೆ ಕೂತಿರುವದು ವರುಷದಲ್ಲಿ ಕೆಲವು ಗಳಿಗೆ ಮಾತ್ರ. ಮಿಕ್ಕ ಹಗಲಿರುಳೆಲ್ಲಾ ತನ್ನ ಉಸಿರಿನ ಸಂಗಡ ತಾನೇ ಹೆಣಗಬೇಕು.

ಆದಕಾರಣ ದಾದಿಯರು ಮನೆಗೆ ಬಂದು ಕಲಿಸುವದು ಯುಕ್ತವೇ. ಇನ್‌ಹೇಲರಿನ ಔಷಧವನ್ನು ಸರಿಯಾಗಿ ಎಳೆದುಕೊಳ್ಳುವದು, ದೀಪವನ್ನು ಮೆಲ್ಲಗೆ ಊದುವವರ ಹಾಗೆ ತುಟಿ ಕೂಡಿಸಿ ನಿಧಾನವಾಗಿ ಉಸಿರು ಬಿಡುವದು, ಕಫವು ಹೆಚ್ಚಿ ಬಣ್ಣ ತಿರುಗಿದರೆ ವೈದ್ಯನು ಮೊದಲೇ ಗೊತ್ತುಮಾಡಿಕೊಟ್ಟ ಔಷಧವನ್ನು ತಡಮಾಡದೆ ಆರಂಭಿಸುವದು, ಇವೆಲ್ಲಾ ಕಲಿತರೆ ಬರುವಂಥವು. (ಇನ್‌ಹೇಲರು ಹಿಡಿದರೆ ಚಟ ಅಂಟುವದೆಂದು ನಮ್ಮಲ್ಲಿ ಅನೇಕರು ಹೆದರುತ್ತಾರೆ, ಅದು ಚಟವಲ್ಲ.)

ಆದರೆ ಕಲಿಸಿದ ಮಾತ್ರಕ್ಕೆ ಸಾಕೋ? ಸ್ಕಾಟ್ಲೆಂಡ್ ದೇಶದ ಗ್ಲಾಸ್ಗೋ ಪಟ್ಟಣದ ಕಡೆಯಲ್ಲಿ 464 ಮಂದಿ ರೋಗಸ್ಥರನ್ನು ಎರಡು ಸಮಪಾಲು ಮಾಡಿ, ಒಂದು ಪಾಲಿನವರ ಮನೆಗಳಿಗೆ ದಾದಿಯರು ಒಂದು ವರುಷ ಹೋಗಿ ಬಂದು ಕಲಿಸಿದರು. 2012ರಲ್ಲಿ ಅದರ ಫಲ ಪ್ರಕಟವಾಯಿತು. ಈ ರೋಗದಿಂದ ಆಸ್ಪತ್ರೆಗೆ ಸೇರಿದವರು ಇಲ್ಲವೆ ತೀರಿಕೊಂಡವರು ಕಲಿತವರಲ್ಲಿ 111 ಮಂದಿ, ಕಲಿಯದವರಲ್ಲಿ 108 ಮಂದಿ! ದಾದಿಯರ ಪ್ರಯಾಸವೆಲ್ಲಾ ವ್ಯರ್ಥವೆಂದು ಯಾರಾದರೂ ಅಂದಾರು. ಆದರೆ ಕಲಿತವರಲ್ಲಿ ನೂರಕ್ಕೆ 42 ಮಂದಿ ತಮ್ಮ ರೋಗವನ್ನು ಚೆನ್ನಾಗಿ ನೋಡಿಕೊಳ್ಳುವವರಾದರು. ಅವರು ಆಸ್ಪತ್ರೆಗೆ ಸೇರಿದ್ದು ಕಡಿಮೆ. ಇವರು ಎಂಥವರು? ಮಿಕ್ಕವರಿಗಿಂತ ಚಿಕ್ಕ ಪ್ರಾಯದವರು; ಮತ್ತು ಮನೆಯಲ್ಲಿ ಇನ್ನೊಬ್ಬರ ಸಂಗಡ ವಾಸಿಸುವವರು ಅವರಲ್ಲಿ ಹೆಚ್ಚು.

ಒಬ್ಬಂಟಿತನವೇ ಕಾರಣವೆಂದು ಇಷ್ಟರಿಂದ ಸಿದ್ಧವಾಗದು, ನಿಜ. ಆದರೂ ಕಲಿತು ಕೈಲಾಗದೆ ಹೋದವರನ್ನು ಸೋಮಾರಿಗಳೆಂದೂ ಹಟಮಾರಿಗಳೆಂದೂ ನಿಂದಿಸುವದಕ್ಕೆ ನಮ್ಮ ನಾಲಿಗೆಯು ಬೇಗನೆ ಏಳುತ್ತದಲ್ಲಾ, ಅದನ್ನು ಈ ಲೆಕ್ಕವು ತಡೆಯಬೇಕು. ನಡುರಾತ್ರಿಯಲ್ಲಿ ದಮ್ಮು ಕಟ್ಟಿದಾಗ ಹೆದರಿಕೆ ಬರುವದು. ಹೆದರಿಕೆಯಿಂದ ಉಸಿರು ಇನ್ನೂ ವೇಗವಾಗುವದು. ಹಗಲಲ್ಲಿ ಕಲಿತದ್ದು ಆಗ ನೆನಪಿಗೆ ಬಾರದು. ಬೆನ್ನಿನ ಮೇಲೆ ಕೈಯಿಟ್ಟು, “ಅಪ್ಪಾ, ನಿಧಾನವಾಗಿ ಬಿಡು, ಇನ್‌ಹೇಲರು ಇಗೋ ಇಲ್ಲಿದೆ” ಎನ್ನುವವರು ಇಲ್ಲದಿದ್ದರೆ ಅವನು ಏನು ಮಾಡಾನು? ತನ್ನನ್ನು ತಾನೇ ನೋಡಿಕೊಳ್ಳುವದು ಎಂಬ ಮಾತಿನೊಳಗೆ ಇನ್ನೊಬ್ಬನು ಅಡಗಿದ್ದಾನೆಂದು ನನಗೆ ತೋರುತ್ತದೆ.

ಹೀಗಿರಲಾಗಿ ದಾದಿಯು ಬಂದ ದಿನ ರೋಗಸ್ಥನೊಬ್ಬನನ್ನೇ ಅವಳ ಮುಂದೆ ಕೂಡ್ರಿಸಿ ಮನೆಯವರೆಲ್ಲರೂ ಹೊಲಕ್ಕೆ ಹೋಗುವದು ಸರಿಯಲ್ಲ. ಮಗನೋ ಸೊಸೆಯೋ ಒಬ್ಬರು ಹತ್ತಿರ ಕೂತು ಆ ಪಾಠವನ್ನು ಕಲಿಯಲಿ. ಯಾರೂ ಇಲ್ಲದ ಮುದುಕಿಯ ಮನೆಯಾದರೆ, ದಾದಿಯು ಚೀಲವನ್ನು ಬಿಚ್ಚುವದಕ್ಕೆ ಮುಂಚೆ ನೆರೆಮನೆಯ ಬಾಗಿಲನ್ನು ತಟ್ಟಲಿ.