ಕೊಡುವವನ ಪುಣ್ಯ, ಪಡೆಯುವವಳ ಋಣ

ನಾಗಪುರದ ಸದರ್ ಪೇಟೆಗೂ ಸಿವಿಲ್ ಲೈನ್ಸಿನ ವಿಧಾನಭವನಕ್ಕೂ ನಡುವಣ ದೂರ ಹೆಚ್ಚಿನದಲ್ಲ. 1953ರ ನಾಗಪುರ ಒಪ್ಪಂದದ ಫಲವಾಗಿ ಮಹಾರಾಷ್ಟ್ರದ ಶಾಸನಸಭೆಯು ಚಳಿಗಾಲದಲ್ಲಿ ಇಲ್ಲಿ ನೆರೆದಾಗ, ಅಂಗನವಾಡಿಯ ಸೇವಿಕೆಯರೂ ಆಶಾ ಕಾರ್ಯಕರ್ತೆಯರೂ ಮೋರ್ಚಾ ಕಟ್ಟಿ ಬಂದು, ಗೌರವಧನ ಸಾಲದು, ದುಡಿಮೆಗೆ ತಕ್ಕ ವೇತನವೇ ಬೇಕೆಂದು ಕೂಗುವುದು ವಾಡಿಕೆಯಾಗಿದೆ. ಅದೇ ಸಭೆಗೆ 2024ರ ನವೆಂಬರಿನಲ್ಲಿ ಚುನಾವಣೆ ನಡೆದಾಗ, ಅಕ್ಕರೆಯ ತಂಗಿಯ ಹೆಸರಿನ 'ಲಾಡ್ಕೀ ಬಹೀಣ್' ಯೋಜನೆಯ ತಿಂಗಳ 1,500 ರೂಪಾಯಿಯನ್ನು 2,100ಕ್ಕೆ ಏರಿಸುವೆವೆಂದು ಆಳುವವರೂ, ತಾವು 3,000 ಕೊಡುವೆವೆಂದು ಎದುರಾಳಿಗಳೂ ಸಾರಿದರು. ದುಡಿದವಳು ಬೀದಿಯಲ್ಲಿ ನಿಂತು ಬೇಡಬೇಕು. ತಂಗಿಯಾದವಳಿಗೆ ಬೇಡದೆಯೇ ದೊರಕುವುದು! ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಬಲ್ಲ ಕನ್ನಡಿಗರಿಗೆ ಈ ಬಗೆಯು ಅಪರಿಚಿತವಾದುದೇನಲ್ಲ.

ಪ್ರತ್ಯುಪಕಾರವನ್ನು ಬಯಸಿ ಕೊಟ್ಟುದು ರಾಜಸದಾನವೆಂದು ಭಗವದ್ಗೀತೆಯ 17ನೆಯ ಅಧ್ಯಾಯವು ಎಣಿಸುತ್ತದೆ. ಮತಯಾಚನೆಯ ಹೊತ್ತಿನ ಕೊಡುಗೆಯನ್ನು ಆ ವರ್ಗಕ್ಕೆ ಸೇರಿಸಿ ಕೈತೊಳೆದುಕೊಳ್ಳಬಹುದಾದರೂ, ನನಗೆ ತೋರುವಂತೆ ಅದು ದಾನವೇ ಅಲ್ಲ. ತನ್ನದಲ್ಲದುದನ್ನು ದಾನಮಾಡುವ ಅಧಿಕಾರ ಯಾರಿಗುಂಟು? ಸಾಬೂನಿಗೂ ಬೆಂಕಿಪೊಟ್ಟಣಕ್ಕೂ ತೆರಿಗೆ ತೆತ್ತ ಆ ತಂಗಿಯ ಪಾಲೂ ಬೊಕ್ಕಸದಲ್ಲಿದೆ. ಮೇಲಾಗಿ, ಅಡುಗೆ, ನೀರು, ಮಕ್ಕಳು, ಮುದುಕರು ಎಂದು ಬೆಳಗಿನಿಂದ ಇರುಳಿನವರೆಗೆ ಅವಳು ಗೈವ ಕೆಲಸಕ್ಕೆ ಲೋಕವು ಎಂದೂ ಬೆಲೆ ಕಟ್ಟಿಲ್ಲವಾದ ಕಾರಣ, ಅವಳ ಕೈಗೆ ಬಂದುದು ಹಳೆಯ ಬಾಕಿಯ ಒಂದು ಚೂರು. (ಅದನ್ನು ಪಡೆದವರನ್ನು ಹೀಗಳೆಯುವ ಉಳ್ಳವರ ಮಾತಿಗೆ ನಾನು ಕಿವಿಗೊಡೆನು.) ದೋಷವಿರುವುದು ಸಲ್ಲಬೇಕಾದುದನ್ನು ಒಲುಮೆಯೆಂದು ಸಲ್ಲಿಸುವ ಭಾವದಲ್ಲಿ. ಬಾಕಿ ತೀರಿಸಿದವನಿಗೆ ಯಾರೂ ಋಣಿಯಲ್ಲ. ಒಲಿದು ಕೊಟ್ಟವನಿಗಾದರೋ ಪಡೆದವಳು ಋಣಿ, ಅವನ ಒಲುಮೆ ತಪ್ಪಿದ ದಿನ ನಿರ್ಗತಿಕಳು.

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮನು, ಗಂಡ ಮಾರಯ್ಯನು ಬಸವಣ್ಣನ ಮಹಾಮನೆಯ ಅಂಗಳದಿಂದ ಆಯ್ದು ತಂದ ಅಕ್ಕಿಯು ಎಂದಿಗಿಂತ ಹೆಚ್ಚಾಗಿರುವುದನ್ನು ಕಂಡು, ಮಿಕ್ಕುದನ್ನು ಅಲ್ಲಿಯೇ ಸುರಿದು ಬರಹೇಳಿದಳೆಂಬ ಕಥೆಯುಂಟು. ಬಡವರಿಗೆ ಸಂತೃಪ್ತಿಯನ್ನು ಬೋಧಿಸಲು ಈ ಕಥೆಯನ್ನು ಬಳಸುವವರು ಅದರ ತಿರುಳನ್ನೇ ಅರಿಯರು. ಕಾಯಕದಿಂದ ಬಂದುದು ಪೂರ್ಣವಾಗಿ ತನ್ನದೆಂಬ ನಿಶ್ಚಯವುಳ್ಳವಳಿಗೆ ಮಾತ್ರವೇ ಮಿಕ್ಕುದನ್ನು ನಿರಾಕರಿಸುವ ಧೈರ್ಯವು ಬರುವುದು. ಕಾಯಕವನ್ನು ಕಾಯಕವೆಂದೇ ಒಪ್ಪದ ಸಮಾಜವು ಸ್ತ್ರೀಯಿಂದ ಆ ಧೈರ್ಯವನ್ನು ನಿರೀಕ್ಷಿಸುವುದು ಅನ್ಯಾಯ. ಅಂಗನವಾಡಿಯ ಯೋಜನೆ ಮೊದಲಾದುದು 1975ರಲ್ಲಿ. ಅಲ್ಲಿ ದುಡಿವ ಹೆಂಗಸರು ಗ್ರ್ಯಾಚುಯಿಟಿಗೆ ಅರ್ಹರೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದು 2022ರ ಏಪ್ರಿಲಿನಲ್ಲಿ.

ಸಲ್ಲಬೇಕಾದುದನ್ನು ಕೇಳುವ ರೀತಿ ಹೇಗಿರಬೇಕೆಂಬುದನ್ನು ನಾಗಪುರವೇ ಒಮ್ಮೆ ತೋರಿಸಿಕೊಟ್ಟಿತ್ತು. 1942ರ ಜುಲೈ 20ರಂದು, ಸುಲೋಚನಾಬಾಯಿ ಡೋಂಗರೆಯವರ ಅಧ್ಯಕ್ಷತೆಯಲ್ಲಿ ಇಲ್ಲಿ ನೆರೆದು ಡಾ. ಅಂಬೇಡ್ಕರರ ಭಾಷಣವನ್ನು ಕೇಳಿದ ಅಖಿಲ ಭಾರತ ದಲಿತ ವರ್ಗಗಳ ಮಹಿಳಾ ಪರಿಷತ್ತು, ಗಿರಣಿ, ಬೀಡಿ ಕಾರ್ಖಾನೆ, ಪುರಸಭೆ, ರೈಲ್ವೆಗಳಲ್ಲಿ ದುಡಿವ ಹೆಂಗಸರಿಗೆ ವರ್ಷಕ್ಕೆ 21 ದಿನಗಳ ಸಾಂದರ್ಭಿಕ ರಜೆಯನ್ನೂ, ಗಾಯಗೊಂಡವರಿಗೆ ಪರಿಹಾರವನ್ನೂ, 20 ವರ್ಷ ದುಡಿದವರಿಗೆ ನಿವೃತ್ತಿವೇತನವನ್ನೂ, ಗಿರಣಿಗಳಲ್ಲಿ ಹೆಣ್ಣು ಮೇಲ್ವಿಚಾರಕರನ್ನೂ, ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳನ್ನೂ ನಿರ್ಣಯಪೂರ್ವಕವಾಗಿ ಕೇಳಿತು. ರಜೆಯನ್ನೂ ಸ್ಥಾನವನ್ನೂ ಒಂದೇ ಉಸಿರಿನಲ್ಲಿ ಕೇಳಿದ ಆ ತಾಯಂದಿರಿಗೆ, ಹಂಚುವ ಕೈಯಲ್ಲಿ ತಮ್ಮ ಕೈಯೂ ಸೇರದ ಹೊರತು ಪಡೆದುದೆಲ್ಲ ಪರರ ಕೃಪೆಯಾಗಿಯೇ ಉಳಿಯುವುದೆಂಬ ಅರಿವಿದ್ದಿರಬೇಕು. ಅವರಲ್ಲಿ ಯಾರೂ ತಂಗಿಯಾಗಿ ಕೇಳಲಿಲ್ಲ.

ಸ್ಥಾನದ ಮಾತು ಹೀಗಿದೆ: 2023ರ 106ನೆಯ ತಿದ್ದುಪಡಿಯು ಲೋಕಸಭೆಯಲ್ಲಿಯೂ ವಿಧಾನಸಭೆಗಳಲ್ಲಿಯೂ ಮೂರರಲ್ಲೊಂದು ಪಾಲನ್ನು ಸ್ತ್ರೀಯರಿಗೆ ಮೀಸಲಿಟ್ಟು, ಜನಗಣತಿಯೂ ಕ್ಷೇತ್ರವಿಂಗಡಣೆಯೂ ಮುಗಿದ ಬಳಿಕವೇ ಅದು ಜಾರಿಗೆ ಬರತಕ್ಕದ್ದೆಂದು ವಿಧಿಸಿತು. ನಾಗಪುರವಂತೂ 1952ರಲ್ಲಿಯೂ 1957ರಲ್ಲಿಯೂ ಅನಸೂಯಾಬಾಯಿ ಕಾಳೆಯವರನ್ನು ಲೋಕಸಭೆಗೆ ಆರಿಸಿ ಕಳುಹಿಸಿತ್ತು. ಆ ಬಳಿಕ, 2024ರ ಚುನಾವಣೆಯವರೆಗೆ, ಈ ಕ್ಷೇತ್ರದಿಂದ ಮತ್ತೊಬ್ಬ ಸ್ತ್ರೀ ಆರಿಸಿ ಹೋದುದಿಲ್ಲ.